ಕೈಹೊಲಿಗೆಯ ಚರ್ಮದ ಸೈಕ್ಲಿಂಗ್ ಶೂ: ನಾಲ್ಕು ಮಳೆಗಾಲ ಕಂಡ ಜೋಡಿಯ ವಿಮರ್ಶೆ

ಮೊದಲೇ ಹೇಳಿಬಿಡುವುದು ಒಳ್ಳೆಯದು: ರೇಸ್ ಓಡಿಸುವವರಿಗೆ ಈ ಶೂ ಅಲ್ಲ. ದಿನಾ ಆಫೀಸಿಗೆ ಪೆಡಲ್ ತುಳಿಯುವವರು, ಭಾನುವಾರ ಅರವತ್ತು ಎಂಬತ್ತು ಕಿಲೋಮೀಟರ್ ಸುತ್ತಿ ಬರುವವರು, ತಿಂಗಳಿಗೊಮ್ಮೆ ಅರ್ಧ ಗಂಟೆ ಬ್ರಷ್ ಹಿಡಿದು ಕೂರಲು ಬೇಸರಪಡದವರು ಕೊಳ್ಳಬಹುದು. ಈ ಜೋಡಿ ಲೇಸ್ ಕಟ್ಟುವಂಥದ್ದು. ಮೇಲ್ಭಾಗ ಎಮ್ಮೆಗರುವಿನ ಚರ್ಮ, ಗಾಳಿಯಾಡಲು ಸಣ್ಣ ತೂತುಗಳಿವೆ. ಒಳಗಿನ ಅಟ್ಟೆ ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ, ಅದರಡಿ ಉಕ್ಕಿನ ಪಟ್ಟಿ, ತಳಕ್ಕೆ ರಬ್ಬರ್, ಎರಡು ಬೋಲ್ಟಿನ ಎಸ್‌ಪಿಡಿ ಕ್ಲೀಟ್ (ಶೂವನ್ನು ಪೆಡಲಿಗೆ ಸಿಕ್ಕಿಸುವ ಲೋಹದ ತುಂಡು) ಕೂರಿಸಲು ಒಳಗೊಂದು ತಗಡು.

ಎಸ್‌ಪಿಡಿ ಎಂಬ ಈ ಪೆಡಲ್ ಮತ್ತು ಕ್ಲೀಟಿನ ಜೋಡಿ ಬಂದದ್ದು 1990ರಲ್ಲಿ, ಶಿಮಾನೊ ಕಂಪನಿಯ ಕಡೆಯಿಂದ. ಅದಕ್ಕೂ ಮುಂಚೆ 1984ರಲ್ಲಿ ಲುಕ್ ಕಂಪನಿಯ ಪಾದದ ಮುಂತುದಿಯನ್ನು ಪಂಜರದಂತೆ ಹಿಡಿಯುವ ಟೋ ಕ್ಲಿಪ್ಪಿಲ್ಲದ, ಕ್ಲೀಟನ್ನೇ ಕಚ್ಚುವ ಪೆಡಲ್ ಬಂತು. ಮರುವರ್ಷ ಅದೇ ಪೆಡಲ್ ತುಳಿದು ಫ್ರಾನ್ಸಿನ ರೇಸ್ ಸವಾರ ಬರ್ನಾರ್ ಇನೋ ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಚರ್ಮದ ಅಟ್ಟೆಯ ಶೂಗಳು ರೇಸಿನಿಂದ ಬೇಗನೇ ಮರೆಯಾದವು. ಅಲ್ಲಿಯವರೆಗೆ, ಪೆಡಲಿನ ಅಂಚು ಕೂರುವ ಸೀಳಿದ್ದ ಕ್ಲೀಟನ್ನು ಅಟ್ಟೆಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಅದರ ಜಾಗ ಕಂಡುಹಿಡಿಯುವ ಉಪಾಯ ಸೊಗಸಾಗಿತ್ತು: ಹೊಸ ಶೂವನ್ನು ಕ್ಲೀಟ್ ಇಲ್ಲದೆ ಕೆಲವು ದಿನ ತುಳಿದರೆ ಪೆಡಲಿನ ಅಂಚು ಚರ್ಮದ ಮೇಲೆ ಗೆರೆ ಒತ್ತುತ್ತದೆ, ಆ ಗೆರೆಗೆ ಕ್ಲೀಟಿನ ಸೀಳು ಹೊಂದಿಸಿ ಮೊಳೆ ಹೊಡೆಯುವುದು. ಇಟಲಿಯ ಗಾಯೊಲೆಯಲ್ಲಿ 1997ರಿಂದ ನಡೆಯುತ್ತಿರುವ ಲೆರೊಯಿಕಾ ಎಂಬ ಸವಾರಿಯಲ್ಲಿ ಹಳೇ ಸೈಕಲ್ಲು, ಟೋ ಕ್ಲಿಪ್ಪು, ಪಟ್ಟಿ ಕಡ್ಡಾಯ. ಇಂಥ ಶೂ ಇವತ್ತಿಗೂ ಹೊಸದಾಗಿ ಹೊಲಿಯಲ್ಪಡುವುದಕ್ಕೆ ಆ ಬಗೆಯ ಸವಾರಿಗಳೂ ಒಂದು ಕಾರಣ.

ಅಳತೆಯನ್ನು ಸಂಜೆ ಹೊತ್ತು, ಕಾಲುಚೀಲ ಹಾಕಿಕೊಂಡೇ ಕೊಡಿ. ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಪಾದದ ಅಗಲದಲ್ಲಿ ತುಸು ಬಿಗಿಯಿದ್ದರೆ ಪರವಾಗಿಲ್ಲ, ಹೆಬ್ಬೆರಳು ಮುಂದೆ ತಾಗಿದರೆ ವಾಪಸ್ ಮಾಡಿ. ನೋಡಲೇಬೇಕಾದದ್ದು ಲೇಸಿನ ತೂತುಗಳ ಎರಡು ಸಾಲು. ಹೊಸದರಲ್ಲಿ ಕಟ್ಟಿದಾಗ ಅವುಗಳ ನಡುವೆ ಒಂದು ಬೆರಳಿನಷ್ಟಾದರೂ ಸಂದು ಉಳಿಯಬೇಕು. ಅಂಗಡಿಯಲ್ಲೇ ಸಾಲುಗಳು ಕೂಡಿಕೊಂಡರೆ, ಚರ್ಮ ಹಿಗ್ಗಿದ ಮೇಲೆ ಬಿಗಿಯಲು ಜಾಗವೇ ಇರುವುದಿಲ್ಲ. ಲೇಸು ಮೇಣ ಸವರಿದ ಹತ್ತಿಯದಿರಲಿ. ಬಲಗಾಲಿನದರ ತುದಿ ಚೈನಿಗೆ ಸಿಗದಂತೆ ಅಡ್ಡ ಲೇಸಿನ ಕೆಳಗೆ ಸಿಕ್ಕಿಸಿಬಿಡಿ.

ಕ್ಲೀಟ್ ವಿಷಯದಲ್ಲಿ ಚರ್ಮದ ಶೂ ಪ್ಲಾಸ್ಟಿಕ್ ಶೂಗಿಂತ ಹಟಮಾರಿ. ಎಂ5 ಬೋಲ್ಟಿಗೆ ಗ್ರೀಸ್ ಹಚ್ಚಿ 4 ಮಿ.ಮೀ. ಅಲೆನ್ ಕೀಯಿಂದ 5ರಿಂದ 6 ನ್ಯೂಟನ್ ಮೀಟರಿನಷ್ಟು ಬಿಗಿ ಮಾಡಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ತಗಡಿಗೂ ಕ್ಲೀಟಿಗೂ ನಡುವೆ ಚರ್ಮದ ಪದರ ಇದೆ. ಒತ್ತಡಕ್ಕೆ ಅದು ಅಮುಕಿಕೊಂಡಷ್ಟೂ ಬೋಲ್ಟಿನ ಬಿಗಿ ಇಳಿಯುತ್ತದೆ. ಹಾಗಾಗಿ ಮೊದಲ 50 ಕಿ.ಮೀ. ಆದ ಮೇಲೊಮ್ಮೆ, 200 ಆದ ಮೇಲೊಮ್ಮೆ, ನಂತರ ತಿಂಗಳಿಗೊಮ್ಮೆ ಕೀ ಹಾಕಿ ನೋಡಿ. ಒಂದು ಬೋಲ್ಟ್ ಕಳಚಿಕೊಂಡರೆ ಪೆಡಲಿನಿಂದ ಬಿಡಿಸಿಕೊಳ್ಳಲು ಹಿಮ್ಮಡಿ ತಿರುಗಿಸಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲಿನಲ್ಲೇ ಉಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಲ್ಲೇ ಪಕ್ಕಕ್ಕೆ ಬೀಳುವುದು ಹೀಗೆಯೇ. ಹಾಗಾದಾಗ ಎಳೆದಾಡದೆ ಇನ್ನೊಂದು ಕಾಲೂರಿ ನಿಂತು, ಲೇಸ್ ಬಿಚ್ಚಿ ಪಾದವನ್ನೇ ಹೊರಗೆ ತೆಗೆಯಿರಿ. ಶೂವನ್ನು ಆಮೇಲೆ ಬಿಡಿಸಿಕೊಳ್ಳಬಹುದು.

ದೊಡ್ಡ ದೂರಕ್ಕೆ ಇದರ ಮಿತಿ ಗೊತ್ತಾಗುತ್ತದೆ. 200 ಕಿ.ಮೀ. ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಹದಿಮೂರೂವರೆ ಗಂಟೆ ಕಾಲಾವಕಾಶ. ಅಷ್ಟು ಹೊತ್ತು ತುಳಿದರೆ ಎಸ್‌ಪಿಡಿಯ ಪುಟ್ಟ ಕ್ಲೀಟಿನ ಒತ್ತಡ ಚರ್ಮದ ಅಟ್ಟೆ ದಾಟಿ ಬೆರಳಬುಡಕ್ಕೆ ಉರಿ ತರುತ್ತದೆ. ಕ್ಲೀಟನ್ನು ಮೂರ್ನಾಲ್ಕು ಮಿ.ಮೀ. ಹಿಂದಕ್ಕೆ ಸರಿಸಿ, ಅಗಲ ಚೌಕಟ್ಟಿನ ಪೆಡಲ್ ಹಾಕಿದರೆ ಎಷ್ಟೋ ವಾಸಿ. ಆದರೆ ಪೂರ್ತಿ ಹೋಗುವುದಿಲ್ಲ. ಕಾರ್ಬನ್ ತಳದ ಬಿಗಿ ಇದರಿಂದ ಸಿಗದು.

ಇನ್ನು ಆರೈಕೆ. ಈ ಶೂ ಹಾಳಾಗುವುದು ರಸ್ತೆಯಿಂದಲ್ಲ, ಬೆವರಿನಿಂದ ಮತ್ತು ಒಣಗಿಸುವ ಅವಸರದಿಂದ. ನೆನೆದ ಶೂವನ್ನು ಬಿಸಿಲಿಗೆ, ಫ್ರಿಜ್ಜಿನ ಹಿಂಬದಿಗೆ, ಹೇರ್ ಡ್ರೈಯರಿಗೆ ಒಡ್ಡಬೇಡಿ. ತೊಗಟೆ ಹದದ ಚರ್ಮ ಒದ್ದೆಯಿದ್ದಾಗ 70–80 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಮುದುಡಿಬಿಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ಅಷ್ಟು ಕಾವಿಲ್ಲದಿದ್ದರೂ ಬೇಗ ಒಣಗಿದರೆ ಎಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತದೆ. ಬೆರಳು ಮಡಿಸುವ ಜಾಗದಲ್ಲಿ ಬಿರುಕು ಹುಟ್ಟುವುದು ಅಲ್ಲಿಂದಲೇ. ಲೇಸ್ ಪೂರ್ತಿ ಸಡಿಲಿಸಿ, ನಾಲಿಗೆ ಹೊರಗೆಳೆದು, ತೆಗೆಯುವಂಥ ಒಳಹಾಸಿದ್ದರೆ ತೆಗೆದು, ನ್ಯೂಸ್ ಪೇಪರ್ ಉಂಡೆ ಮಾಡಿ ಮುಂದಿನವರೆಗೂ ತುಂಬಿ. ಒಂದು ಗಂಟೆಗೆ ಪೇಪರ್ ಬದಲಿಸಿ, ರಾತ್ರಿ ಇನ್ನೊಮ್ಮೆ. ತಳಕ್ಕೂ ಗಾಳಿ ಸಿಗುವಂತೆ ಅಡ್ಡ ಮಲಗಿಸಿ ಫ್ಯಾನ್ ಕೆಳಗಿಡಿ. ಚೆನ್ನಾಗಿ ನೆನೆದದ್ದು ಒಣಗಲು ಎರಡು ದಿನ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ತುಳಿಯುವವರಿಗೆ ಇದೊಂದೇ ಜೋಡಿ ಸಾಲದು, ಅಗ್ಗದ ಸಿಂಥೆಟಿಕ್ ಒಂದನ್ನು ಜೊತೆಗಿಟ್ಟುಕೊಳ್ಳಿ.

ಒಣಗಿದ ಮೇಲೆ ಬಿಳಿ ಗೆರೆ ಮೂಡಿದರೆ ಅದು ಬೆವರಿನ ಉಪ್ಪು. ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಗೆರೆಯನ್ನಷ್ಟೇ ಒರೆಸಿದರೆ ಅದರ ಸುತ್ತ ಹೊಸ ಗೆರೆ ಏಳುತ್ತದೆ, ಹೊಲಿಗೆಯಿಂದ ಹೊಲಿಗೆಗೆ ಇಡೀ ತುಂಡನ್ನು ಒರೆಸಬೇಕು.

ಎಣ್ಣೆಯ ವಿಷಯಕ್ಕೆ ನಮ್ಮಲ್ಲಿ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಗೆ. ಬೇಡ. ಅದು ಒಳಕ್ಕಿಳಿದು ಚರ್ಮವನ್ನು ಬಣ್ಣಗೆಡಿಸಿ ಮೆತ್ತಗೆ ಮಾಡುತ್ತದೆ. ಮನೆ ಚಪ್ಪಲಿಗೆ ಅದು ನಡೆದೀತು, ಪ್ರತಿ ತುಳಿತಕ್ಕೂ ಪಾದ ಹಿಡಿದಿಡಬೇಕಾದ ಶೂಗೆ ಮೆತ್ತಗಾಗುವುದೇ ದೋಷ. ಹೆಚ್ಚಾದ ಎಣ್ಣೆ ಅಟ್ಟೆಯ ಅಂಟನ್ನೂ ಸಡಿಲಿಸುತ್ತದೆ. ಜೇನುಮೇಣವಿರುವ ಕ್ರೀಮು, ಒಂದು ಶೂಗೆ ಕಡಲೆಕಾಳಿನಷ್ಟು, ಆರೆಂಟು ವಾರಕ್ಕೊಮ್ಮೆ: ಅಷ್ಟು ಸಾಕು. ಬಟ್ಟೆಯಲ್ಲಿ ತೆಳ್ಳಗೆ ಸವರಿ, ಇಪ್ಪತ್ತು ನಿಮಿಷ ಬಿಟ್ಟು ಬ್ರಷ್ ಆಡಿಸಿ. ತೂತುಗಳಲ್ಲಿ ಕ್ರೀಮು ಧೂಳಿನ ಜೊತೆ ಕೂಡಿ ಗಟ್ಟಿಯಾಗುತ್ತದೆ, ಹಳೇ ಟೂತ್‌ಬ್ರಷ್ಷಿನಿಂದ ಕೆದಕಿ. ಕ್ರ್ಯಾಂಕ್ (ಪೆಡಲ್ ಹೊತ್ತ ತೋಳು) ಉಜ್ಜುವ ಒಳಬದಿಗೆ, ಟೋ ಕ್ಲಿಪ್ ಬಳಸುವವರಾದರೆ ಪಟ್ಟಿಯ ಬಕಲ್ ತಾಗುವ ಕಿರುಬೆರಳ ಬದಿಗೆ, ಮೇಲೊಂದು ಗಟ್ಟಿ ಮೇಣದ ಪದರ ಕೊಟ್ಟರೆ ಗೀರು ತಡವಾಗಿ ಬೀಳುತ್ತದೆ.

ಮಲೆನಾಡು, ಕರಾವಳಿಯವರಿಗೆ ಬೂಷ್ಟು ತಪ್ಪಿದ್ದಲ್ಲ. ಪ್ಲಾಸ್ಟಿಕ್ ಕವರಿನಲ್ಲಿಡುವುದು ಅದನ್ನು ಕರೆದು ಕೂರಿಸಿದಂತೆ. ಹತ್ತಿ ಚೀಲವೇ ಒಳ್ಳೆಯದು. ಬೂಷ್ಟು ಬಂದರೆ ಮನೆಯ ಹೊರಗೆ ಒಣ ಬ್ರಷ್ಷಿನಿಂದ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಸಮ ಬೆರೆಸಿ ಒರೆಸಿ. ಅದಕ್ಕೂ ಮುಂಚೆ ನಾಲಿಗೆಯ ಒಳಮಗ್ಗುಲಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ನೆರಳಲ್ಲಿ ಒಣಗಿಸಿ, ಆಮೇಲೆ ಕ್ರೀಮು.

ಹೊಲಿಗೆಯ ಬಗ್ಗೆ ಕೊಳ್ಳುವಾಗಲೇ ಕೇಳಿ. ನೂಲು ಪಾಲಿಯೆಸ್ಟರಿನದಾದರೆ ಬೆವರಿಗೆ ತಡೆಯುತ್ತದೆ, ನಾರಿನದು ಸೊಗಸು ಆದರೆ ಕೊಳೆಯುತ್ತದೆ. ಒಳಅಟ್ಟೆಯಿಂದ ಹೊರಅಟ್ಟೆಗೆ ನೇರ ಹಾಯುವ ಹೊಲಿಗೆಯಾದರೆ ಶೂ ತೆಳ್ಳಗೆ, ಹಗುರ. ಆದರೆ ಸೂಜಿಯ ತೂತಿನಿಂದಲೇ ನೀರು ಮೇಲೇರುತ್ತದೆ. ಸುತ್ತ ಪಟ್ಟಿ ಕೊಟ್ಟು ಹೊಲಿದದ್ದು ಒಂದಿಷ್ಟು ಭಾರ, ಅಟ್ಟೆ ಬದಲಿಸಲು ಸಲೀಸು.

ಈ ಜೋಡಿಯಲ್ಲಿ ಮೊದಲು ಬಾಯಿಬಿಟ್ಟದ್ದು ಮುಂತುದಿಯ ರಬ್ಬರು. ಸಿಗ್ನಲ್ಲಿನಲ್ಲಿ ಕಾಲೂರುವ ಎಡಗಾಲಿನದೇ. ಅಟ್ಟೆ ಬದಲಿಸಲು ಕೊಡುವಾಗ ಕ್ಲೀಟನ್ನು ನೀವೇ ಬಿಚ್ಚಿಕೊಳ್ಳಿ, ಬಿಚ್ಚುವ ಮೊದಲು ಸುತ್ತ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆದಿಡಿ. ತಗಡಿನ ಮೇಲೆ ರಬ್ಬರ್ ಬರಕೂಡದೆಂದು ಬಾಯಲ್ಲಿ ಹೇಳಿದರೆ ಸಾಲದು, ಅಲ್ಲಿ ಬಣ್ಣದ ಟೇಪ್ ಅಂಟಿಸಿ ಕೊಡಿ. ಹೊಸ ರಬ್ಬರಿನ ದಪ್ಪ ಹಳೆಯದಕ್ಕಿಂತ ಒಂದೆರಡು ಮಿ.ಮೀ. ಹೆಚ್ಚಾದರೂ ಕ್ಲೀಟ್ ಒಳಗೆ ಹುದುಗಿ ಪೆಡಲ್ ಕಚ್ಚುವುದಿಲ್ಲ. ಹಾಗಾದರೆ ಕ್ಲೀಟಿನ ಕೆಳಗೆ ತೆಳು ಲೋಹದ ತಗಡು ಸೇರಿಸಿ ಅದನ್ನು ಎತ್ತರಿಸಬೇಕು, ಇಲ್ಲವೇ ರಿಪೇರಿಯವರ ಮುಂದೆಯೇ ಕೂತು ಕ್ಲೀಟಿನ ಸುತ್ತಲ ರಬ್ಬರನ್ನು ಕೆತ್ತಿಸಿಕೊಂಡು ಬರಬೇಕು.