ಎರಡೇ ಗಿಟಾರು, ಗಾಳಿ ಬಿದ್ದ ರಾತ್ರಿ

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ವಿಂಡ್‌ಮಿಲ್ ನೋಡಿಕೊಳ್ಳುವ ಕೆಲಸ ನನ್ನದು. ವಾರಕ್ಕೆ ಮೂರು ನೈಟ್ ಶಿಫ್ಟ್. ಗಾಳಿ ಜಾಸ್ತಿ ಇದ್ದರೆ ರೆಕ್ಕೆ ಸದ್ದಿನಲ್ಲಿ ಯಾವ ಹಾಡೂ ಕಿವಿಗೆ ಬೀಳಲ್ಲ. ಗಾಳಿ ಬಿದ್ದ ರಾತ್ರಿ ಮಾತ್ರ ಅಮೆರಿಕದ ಗಾಯಕಿ ಗಿಲಿಯನ್ ವೆಲ್ಚ್ ಅವರ ‘ಟೈಮ್ ದಿ ರೆವೆಲೇಟರ್’ ಹಾಕುತ್ತೇನೆ.

2001ರ ಆಲ್ಬಮ್ ಇದು. ಹೆಸರು ಒಬ್ಬರದ್ದು, ಇರುವವರು ಇಬ್ಬರು: ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್. ಡ್ರಮ್ಸ್ ಇಲ್ಲ, ಕೀಬೋರ್ಡ್ ಇಲ್ಲ. ಎರಡು ಗಿಟಾರು, ಆಗಾಗ ಬ್ಯಾಂಜೋ, ಎರಡು ದನಿ. ಅಷ್ಟೇ. ರಾಲಿಂಗ್ಸ್ ಕೈಯಲ್ಲಿರುವುದು ಎಪಿಫೋನ್ ಕಂಪನಿಯ 1935ರ ಪುಟ್ಟ ಗಿಟಾರು. ಒಣ ಕಟ್ಟಿಗೆಯಂಥ ಸದ್ದು ಅದರದ್ದು. ಮೊದಲ ಹಾಡಿನಲ್ಲೇ ನೋಡಿ, ಎಲ್ಲೋ ತಪ್ಪು ಸ್ವರ ಹಿಡಿದರಲ್ಲ ಅಂದುಕೊಳ್ಳುವಷ್ಟರಲ್ಲಿ ಜಾರಿಕೊಂಡು ಸರಿ ಜಾಗಕ್ಕೆ ಬಂದು ಕೂತುಬಿಡುತ್ತದೆ.

ನಮ್ಮ ಕಡೆ ಜುಂಜಪ್ಪನ ಪದ ಹೇಳುವ ಕಾಡುಗೊಲ್ಲರ ಹತ್ತಿರವೂ ಇರೋದು ಇಷ್ಟೇ ಸಾಮಾನು. ಉದ್ದನೆಯ ಬಿದಿರಿನ ಗಣೆ, ಒಂದು ದನಿ. ಗಣೆ ಊದುವಾಗ ಪದ ನಿಲ್ಲುತ್ತದೆ. ಪದ ಹೇಳುವಾಗ ಗಣೆ ಕಾಯುತ್ತದೆ. ಈ ಆಲ್ಬಮ್‌ನಲ್ಲಿ ನನಗೆ ಹಿಡಿಸಿದ್ದೂ ಆ ಕಾಯುವಿಕೆಯೇ. ಯಾರಿಗೂ ಅವಸರವಿಲ್ಲ.

ಏಪ್ರಿಲ್ 14ರ ಬಗ್ಗೆ ಎರಡು ಹಾಡುಗಳಿವೆ. ನಮಗೆ ಆ ದಿನ ಅಂದರೆ ಅಂಬೇಡ್ಕರ್ ಜಯಂತಿ, ಊರ ತುಂಬ ನೀಲಿ ಬಾವುಟ, ಮೈಕು. ಅಮೆರಿಕದವರಿಗೆ ಅದೇ ತಾರೀಕು ಕೆಟ್ಟದ್ದು. 1865ರಲ್ಲಿ ಲಿಂಕನ್‌ಗೆ ಗುಂಡು ಬಿತ್ತು. 1912ರಲ್ಲಿ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. 1935ರಲ್ಲಿ ಅಲ್ಲಿನ ಬಯಲು ಸೀಮೆಯ ಮೇಲೆ ಧೂಳಿನ ಬಿರುಗಾಳಿ ಎದ್ದು ಹಗಲೇ ಕತ್ತಲಾಯಿತು. ಇವೆಲ್ಲದರ ಮಧ್ಯೆ ವೆಲ್ಚ್ ಒಂದು ಬಡ ಬ್ಯಾಂಡ್ ಶೋ ತಂದು ಸೇರಿಸುತ್ತಾರೆ. ಐದು ಬ್ಯಾಂಡು, ಎರಡು ಡಾಲರ್ ಟಿಕೆಟ್, ಹೊರಗೆ ನಿಂತ ಒಂದು ವ್ಯಾನು. ಟೈಟಾನಿಕ್ ಪಕ್ಕ ಇದೆಂಥದು ಅಂತ ಮೊದಲು ನಗು ಬಂತು. ಆಮೇಲೆ ಚಳ್ಳಕೆರೆ ಹತ್ತಿರದ ನಮ್ಮ ಶೇಂಗಾ ಹೊಲ ನೆನಪಾಯಿತು. ಮಳೆ ಬರದೆ ಬಳ್ಳಿ ಒಣಗಿದ ವರ್ಷ ಪೇಪರಿನವರು ಯಾರೂ ಬರಲಿಲ್ಲ. ಅಪ್ಪನ ಪಾಲಿಗೆ ಮುಳುಗಿದ್ದು ಮಾತ್ರ ಹಡಗೇ.

ಬಹುತೇಕ ಹಾಡುಗಳ ರೆಕಾರ್ಡಿಂಗ್ ಆಗಿದ್ದು ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೋ ಬಿ ಎಂಬಲ್ಲಿ. ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಿದ್ದ ಜಾಗ ಅದು. ಎಲ್ವಿಸ್ ಮೇಲೂ ಇಲ್ಲಿ ಒಂದು ಹಾಡಿದೆ, ಚೆನ್ನಾಗಿದೆ. ಒಂದೇ ಒಂದನ್ನು ಮಾತ್ರ ಸಭೆಯ ಮುಂದೆ ಹಾಡಿದ್ದು. ಅದು ನನಗೆ ಒಗ್ಗಲಿಲ್ಲ. ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದವರು ಸುಮ್ನೆ ಎದ್ದು ಸ್ಟೇಜ್ ಹತ್ತಿದ ಹಾಗಿದೆ.

‘ಎವ್ರಿಥಿಂಗ್ ಈಸ್ ಫ್ರೀ’ ಬಂದಾಗ ಸ್ವಲ್ಪ ಮುಜುಗರ. ದುಡ್ಡು ಕೊಡದೆ ಹಾಡು ಕೇಳುವ ಕಾಲದ ಬಗ್ಗೆ ಅದು. ನಾನು ಈ ಆಲ್ಬಮ್ ಎರಡು ವರ್ಷ ಕೇಳಿದ್ದು ಗೆಳೆಯನ ಮೆಮೊರಿ ಕಾರ್ಡಿನಿಂದ. ಆಮೇಲೆ ದುಡ್ಡು ಕೊಟ್ಟು ತಗೊಂಡೆ, ಬಿಡಿ.

ಕೊನೆಯ ಹಾಡು 14 ನಿಮಿಷ ದಾಟುತ್ತದೆ. ರಾಗ ಹೆಚ್ಚು ಕದಲಲ್ಲ, ಬಸ್ಸಿನ ಕಿಟಕಿಯಲ್ಲಿ ರಸ್ತೆ ನೋಡಿದ ಹಾಗೆ ಸಾಲುಗಳು ಬಂದು ಹೋಗುತ್ತವೆ. ಪೂರ್ತಿ ಕೇಳಿದ್ದು ನಾಲ್ಕೋ ಐದೋ ಸಲ. ಉಳಿದ ಸಲವೆಲ್ಲ ಅರ್ಧಕ್ಕೆ ಗಾಳಿ ಎದ್ದು, ಮೂರನೇ ನಂಬರಿನ ರೆಕ್ಕೆ ತಿರುಗೋಕೆ ಶುರು ಮಾಡಿದೆ.