ಹಳ್ಳದ ಕರೆಂಟು: ನಾಲ್ಕು ಮನೆ ಸೇರಿ ಹಾಕಿಸಿದ ಪುಟ್ಟ ಟರ್ಬೈನ್ ಹೇಗಿದೆ?

ನಮ್ಮದು ಕಳಸದಿಂದ ಒಳಗೆ, ಭದ್ರಾ ನದಿಗೆ ಸೇರುವ ಒಂದು ಹಳ್ಳದ ಬದಿಯ ಊರು. ಹತ್ತಿರ ಹತ್ತಿರ ನಾಲ್ಕು ಮನೆ, ನಾಲ್ಕೂ ಅಡಿಕೆ, ಕಾಫಿ ನಂಬಿದವು. ನಾವೆಲ್ಲ ಸೇರಿ ಹಳ್ಳಕ್ಕೆ 3 ಕಿಲೋವಾಟಿನ ಪಿಕೋ ಹೈಡ್ರೋ, ಅಂದರೆ ಹರಿವ ನೀರಿನಿಂದ ಕರೆಂಟು ಮಾಡುವ ಪುಟ್ಟ ಯಂತ್ರ, ಹಾಕಿಸಿ ಕೆಲವು ಮಳೆಗಾಲ ಕಳೆದಿದೆ. ಲೆಕ್ಕದ ಪುಸ್ತಕ ಇರುವುದು ನನ್ನ ಹತ್ತಿರ. ಹಾಗಾಗಿ ಈ ಯಂತ್ರ ಎಷ್ಟು ಕೊಟ್ಟಿದೆ, ಎಷ್ಟು ಕೆಲಸ ಹಚ್ಚಿದೆ ಎರಡೂ ಗೊತ್ತು. ಹಾಕಿಸಬೇಕು ಅಂತ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಯಂತ್ರ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇನ್ವರ್ಟರ್ ತಂದು ಮೂಲೆಯಲ್ಲಿಟ್ಟು ಮರೆತ ಹಾಗೆ ಇದನ್ನು ಮರೆಯೋಕಾಗಲ್ಲ. ಪಾಲುದಾರರಲ್ಲಿ ಹೊಂದಾಣಿಕೆ ಇದ್ದರೆ ಮಾತ್ರ ತಗೊಳ್ಳಿ. ಇಲ್ಲದಿದ್ದರೆ ಒಬ್ಬರೇ 1 ಕಿಲೋವಾಟಿನದು ಹಾಕಿಸಿಕೊಳ್ಳುವುದು ಎಷ್ಟೋ ವಾಸಿ.

ನಮಗೆ ಇದು ಬೇಕಾಗಿದ್ದು ಯಾಕೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿಯಿತು ಅಂದರೆ ಲೈನ್ ಮೇಲೆ ಮರ ಬೀಳುವುದು ಶುರು. ಕಾಡೊಳಗೆ ಒಂದು ಕಂಬ ಮುರಿದರೆ ವಾರಗಟ್ಟಲೆ ಕತ್ತಲೆ. ಸೋಲಾರ್ ಇತ್ತು, ಆದರೆ ಪುಷ್ಯ ಮಳೆಯಲ್ಲಿ ಬಿಸಿಲೇ ಇಲ್ಲದೆ ಬ್ಯಾಟರಿ ತುಂಬುವುದಾದರೂ ಹೇಗೆ? ಹಳ್ಳ ಮಾತ್ರ ಆಗಲೇ ಮೈದುಂಬಿ ಹರಿಯುವುದು. ಕರೆಂಟು ಕೈಕೊಡುವ ತಿಂಗಳುಗಳಲ್ಲೇ ನೀರು ಜಾಸ್ತಿ ಇರುತ್ತದೆ. ಈ ಯಂತ್ರದ ದೊಡ್ಡ ಗುಣ ಇದೇ.

ಅಂಗಡಿಗೆ ಹೋಗುವ ಮೊದಲು ಎರಡು ಅಳತೆ ತೆಗೆಯಿರಿ. ಒಂದು, ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ. ಎರಡು, ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತದೆ. ನಾವು ಹಳ್ಳಕ್ಕೆ ಮಣ್ಣಿನ ಚೀಲದ ಕಟ್ಟ ಹಾಕಿ, ಎಲ್ಲ ನೀರನ್ನೂ ಕಾಲುವೆಯಂಥ ಒಂದು ದೋಣಿಯಿಂದ 200 ಲೀಟರಿನ ಡ್ರಮ್ಮಿಗೆ ಬಿಟ್ಟೆವು. 14 ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ ಸುಮಾರು 14 ಲೀಟರ್. ಎತ್ತರ 45 ಮೀಟರ್. 14ನ್ನು 45ರಿಂದ, ಆಮೇಲೆ 9.81ರಿಂದ ಗುಣಿಸಿದರೆ 6,180 ವ್ಯಾಟ್. ಪೈಪು, ಚಕ್ರ, ಆಲ್ಟರ್ನೇಟರ್ (ಕರೆಂಟು ಹುಟ್ಟಿಸುವ ಭಾಗ) ಎಲ್ಲ ತಮ್ಮ ಪಾಲು ತಿಂದ ಮೇಲೆ ಅರ್ಧದಷ್ಟು ಕೈಗೆ ಸಿಕ್ಕರೆ ಇಷ್ಟು ಚಿಕ್ಕ ಯಂತ್ರಕ್ಕೆ ಒಳ್ಳೆಯದೇ. ಹಾಗಾಗಿ 3 ಕಿಲೋವಾಟ್. ಮಾರುವವರು ಇದಕ್ಕಿಂತ ತುಂಬ ಜಾಸ್ತಿ ಹೇಳಿದರೆ ಯಾವ ಲೆಕ್ಕದಲ್ಲಿ ಅಂತ ಕೇಳಿ. ಅಳತೆಯನ್ನು ಮಳೆಗಾಲ ಮುಗಿದ ಮೇಲೆ ತೆಗೆಯಿರಿ. ಆಶ್ಲೇಷ ಮಳೆಯಲ್ಲಿ ಅಳೆದರೆ ಎಲ್ಲ ಹಳ್ಳವೂ ನದಿಯೇ.

ಪೈಪಿನ ವಿಷಯದಲ್ಲಿ ಜಿಪುಣತನ ಬೇಡ. ನಮ್ಮ ಪೈಪು 200 ಮೀಟರ್ ಉದ್ದ. ನಾಲ್ಕಿಂಚಿನ ಪಿವಿಸಿ ಸಾಕು ಅಂತ ಒಬ್ಬರು ಹೇಳಿದ್ದರು. ಅದನ್ನು ಹಾಕಿದ್ದರೆ ನಾಲ್ಕೂವರೆ ಮೀಟರ್ ಎತ್ತರದಷ್ಟು ಶಕ್ತಿ ತಿಕ್ಕಾಟದಲ್ಲೇ ಹೋಗುತ್ತಿತ್ತು. ಆರಿಂಚಿನದರಲ್ಲಿ ಒಂದು ಮೀಟರಿನಷ್ಟೂ ಹೋಗುವುದಿಲ್ಲ. 45 ಮೀಟರಿಗೆ ಕೆಳಗಡೆ ಚದರ ಸೆಂಟಿಮೀಟರಿಗೆ ನಾಲ್ಕೂವರೆ ಕೆಜಿ ಒತ್ತಡ ಬೀಳುತ್ತದೆ. ಗಬಕ್ಕನೆ ವಾಲ್ವ್ ತಿರುಗಿಸಿದರೆ ಅದು ಇನ್ನೂ ಏರುತ್ತದೆ. ಅದಕ್ಕೇ 6 ಕೆಜಿ ಒತ್ತಡ ತಡೆಯುವ ಪೈಪು ಹಾಕಿಸಿ, ಮತ್ತು ವಾಲ್ವನ್ನು ಯಾವಾಗಲೂ ನಿಧಾನ ತಿರುಗಿಸಿ. ನಮಗೆ ಪೈಪಿಗೆ ಹೋದ ದುಡ್ಡು ಯಂತ್ರಕ್ಕಿಂತ ಜಾಸ್ತಿ.

ಯಂತ್ರ ಪೆಲ್ಟನ್ ಜಾತಿಯದು. ಬಟ್ಟಲುಗಳಿರುವ ಚಕ್ರಕ್ಕೆ ಎರಡು ಕಿರಿದಾದ ಮೂತಿಯಿಂದ, ಅಂದರೆ ನಾಜಲ್‌ನಿಂದ ನೀರು ಬಂದು ಹೊಡೆಯುತ್ತದೆ. ಚಕ್ರ ದಾಟಿದ ನೀರು ಮತ್ತೆ ಹಳ್ಳಕ್ಕೇ. ಡಿಸೆಂಬರ್ ಹೊತ್ತಿಗೆ ನೀರು ಇಳಿದಾಗ ಒಂದು ನಾಜಲ್ ಮುಚ್ಚುತ್ತೇವೆ. ಒಂದೂವರೆ ಕಿಲೋವಾಟ್ ಬರುತ್ತದೆ. ಮುಚ್ಚದೇ ಬಿಟ್ಟರೆ ಪೈಪಿಗೆ ನೀರು ಬಿಡುವ ಮೇಲಿನ ತೊಟ್ಟಿ ಖಾಲಿಯಾಗಿ ಪೈಪಿಗೆ ಗಾಳಿ ಹೋಗುತ್ತದೆ, ಮನೆಯ ಬಲ್ಬುಗಳೆಲ್ಲ ಮಿಣಿಮಿಣಿ ಅನ್ನುತ್ತವೆ.

ಈ ಯಂತ್ರದಿಂದ ಬಚ್ಚಲಿಗೆ ಬಿಸಿನೀರೂ ಸಿಗುತ್ತದೆ. ಎಲ್ಲರೂ ಕೇಳುವ ಪ್ರಶ್ನೆ: ಅದು ಹೇಗೆ ಬರುತ್ತದೆ? ನೀರು ಒಂದೇ ಸಮ ಬೀಳುತ್ತಿರುತ್ತದೆ, ಆದರೆ ನಾವು ಕರೆಂಟು ಬಳಸುವುದು ಒಂದೇ ಸಮ ಇರುವುದಿಲ್ಲ. ರಾತ್ರಿ ಒಬ್ಬೊಬ್ಬರಾಗಿ ದೀಪ ಆರಿಸಿದ ಹಾಗೆ ಚಕ್ರದ ಹೊರೆ ಇಳಿದು ಅದು ಜೋರಾಗಿ ತಿರುಗುತ್ತದೆ, ವೋಲ್ಟೇಜು ಏರುತ್ತದೆ. ಇದನ್ನು ತಡೆಯುವುದು ಲೋಡ್ ಕಂಟ್ರೋಲರ್ ಅನ್ನುವ ಒಂದು ಬೋರ್ಡು. ಮನೆಗಳಿಗೆ ಬೇಡವಾದ ಕರೆಂಟನ್ನೆಲ್ಲ ಅದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ನಾವು ಆ ಕಾಯಿಲ್‌ಗಳನ್ನು ಯಂತ್ರಕ್ಕೆ ಹತ್ತಿರದ ಎರಡು ಮನೆಗಳ ಬಚ್ಚಲ ಹಂಡೆಯಲ್ಲಿ ಇಳಿಬಿಟ್ಟಿದ್ದೇವೆ. ಎಲ್ಲರೂ ಮಲಗಿದ ಮೇಲೆ ಹೆಚ್ಚುಕಡಿಮೆ ಪೂರ್ತಿ 3 ಕಿಲೋವಾಟ್ ಅಲ್ಲಿಗೇ. ನೂರು ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು ಒಂದೂವರೆ ಗಂಟೆ ಸಾಕು. ಜಡಿಮಳೆಯಲ್ಲಿ ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಇದರ ಬೆಲೆ ಗೊತ್ತು.

ತಕರಾರು ಬಂದಿದ್ದೂ ಇಲ್ಲೇ. ದೂರದ ಎರಡು ಮನೆಗೆ ಕಾಯಿಲ್ ಹಾಕಲು ಬೇರೆ ವೈರ್ ಎಳೆಯುವುದು ಮೈಮೇಲೆ ಬರುವ ಖರ್ಚು. "ಪೈಪು ಹಾದಿದ್ದು ನಮ್ಮ ತೋಟದಲ್ಲಿ, ಬಿಸಿನೀರು ಮಾತ್ರ ಅವರಿಗಾ?" ಅಂತ ಮೇಲಿನ ಮನೆ ಅತ್ತಿಗೆ ನೇರವಾಗಿ ಕೇಳಿದರು. ಕೇಳಿದ್ದು ನ್ಯಾಯವೇ. ಎಲ್ಲರೂ ಕೂತು ಮಾತಾಡಿ, ಹಂಡೆ ಇರುವ ಮನೆಗಳು ತಿಂಗಳಿಗೆ 250 ರೂಪಾಯಿ, ಇಲ್ಲದವರು 150 ಅಂತ ಮಾಡಿದೆವು. ಆ ದುಡ್ಡು ಗ್ರೀಸು, ಬೇರಿಂಗು, ರಿಪೇರಿಗೆ. ಆಮೇಲೆ ಮಾತು ಬಂದಿಲ್ಲ.

ಕರೆಂಟು ಹಂಚಿಕೆಗೆ ಪ್ರತಿ ಮನೆಗೂ 3 ಆಂಪಿಯರಿನ ಎಂಸಿಬಿ (ಮಿತಿ ದಾಟಿದರೆ ತಾನೇ ಆರುವ ಸ್ವಿಚ್ಚು) ಇದೆ. ಸುಮಾರು 690 ವ್ಯಾಟ್. ದೀಪ, ಫ್ಯಾನು, ಟಿವಿ, ಮೊಬೈಲು, ಫ್ರಿಜ್ ಎಲ್ಲ ಆರಾಮಾಗಿ ನಡೆಯುತ್ತವೆ. ಗ್ರೈಂಡರೂ ನಡೆಯುತ್ತದೆ. ಇಸ್ತ್ರಿ ಪೆಟ್ಟಿಗೆ, ಪಂಪಿನ ಮೋಟಾರು, ಅಡಿಕೆ ಸುಲಿಯುವ ಯಂತ್ರ ಬೇಡವೇ ಬೇಡ. ಒಂದೇ ನಾಜಲ್ ಓಡುವ ದಿನಗಳಲ್ಲಿ "ನಾನು ಗ್ರೈಂಡರ್ ಹಾಕ್ತಾ ಇದೀನಿ ಕಣೇ, ನೀನು ಮಿಕ್ಸಿ ಆಮೇಲೆ ಹಾಕು" ಅಂತ ಫೋನು ಮಾಡುವುದು ರೂಢಿಯಾಗಿದೆ.

ದಿನದ ಕೆಲಸ ಅಂದರೆ ಮೇಲಿನ ತೊಟ್ಟಿಯ ಜಾಲರಿ. ತರಗೆಲೆ ಬಂದು ಮುಚ್ಚಿಕೊಳ್ಳುತ್ತದೆ. ಜೋರು ಮಳೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತಿ ಹೋಗಲೇಬೇಕು, ಕಾಲಿಗೆ ಇಂಬಳ (ಜಿಗಣೆ) ಹತ್ತುವುದಂತೂ ಖಂಡಿತ. ವಾರಕ್ಕೊಂದು ಮನೆಯ ಪಾಳಿ. ಸಣ್ಣ ಏಡಿ ಜಾಲರಿ ದಾಟಿ ಬಂದು ನಾಜಲ್‌ನಲ್ಲಿ ಸಿಕ್ಕಿಕೊಂಡದ್ದೂ ಇದೆ. ಆಗ ವಾಲ್ವ್ ಮುಚ್ಚಿ, ನಾಜಲ್ ಬಿಚ್ಚಿ, ತಂತಿಯಲ್ಲಿ ಚುಚ್ಚಿ ತೆಗೆಯಬೇಕು. ಕಟ್ಟದ ಮೇಲಿಂದ ಸ್ವಲ್ಪ ನೀರು ಯಾವಾಗಲೂ ಹಳ್ಳಕ್ಕೆ ಹರಿಯುತ್ತಿರಬೇಕು ಅನ್ನುವುದು ನಮ್ಮ ಇನ್ನೊಂದು ಕಟ್ಟುಪಾಡು. ಮೀನು, ಏಡಿ ಬದುಕಬೇಕಲ್ವಾ? ಜನವರಿ ಕಳೆದ ಮೇಲೆ ಯಂತ್ರ ಬಂದ್, ನೀರೆಲ್ಲ ಕೆಳಗಿನ ತೋಟಗಳಿಗೆ. ಇದನ್ನೆಲ್ಲ ಕಾಗದದಲ್ಲಿ ಬರೆದು ನಾಲ್ಕೂ ಮನೆಯವರು ಸಹಿ ಹಾಕಿದ್ದೇವೆ. ನೀವೂ ಪೈಪು ತರುವ ಮೊದಲೇ ಬರೆದುಕೊಳ್ಳಿ.

ದೂರು ಇಲ್ಲವೇ? ಇದೆ. ಯಂತ್ರದ ಜೊತೆ ಬಂದ ಕಾಯಿಲ್ ತೆಳ್ಳಗಿನದು. ಒಂದು ಮಳೆಗಾಲದ ರಾತ್ರಿ ಅದು ಸುಟ್ಟು, ಹೊರೆ ತಪ್ಪಿ, ನಾಲ್ಕೂ ಮನೆಯ ಬಲ್ಬು ಹೋದವು. ಇನ್ನೊಮ್ಮೆ ಸಿಡಿಲಿಗೆ ಬೋರ್ಡು ಹೋಯಿತು. ರಿಪೇರಿಗೆ ಕೊಟ್ಟರೆ ನಡು ಮಳೆಗಾಲದಲ್ಲಿ ತಿಂಗಳ ಮೇಲೆ ಕಾಯಿಸಿದರು. ಹಳ್ಳ ತುಂಬಿ ಹರಿಯುತ್ತಿದೆ, ನಾವು ಮೇಣದ ಬತ್ತಿ ಹಚ್ಚಿ ಕೂತಿದ್ದೇವೆ. ಮಾರುವಾಗ ಇದ್ದ ಉತ್ಸಾಹ ರಿಪೇರಿಗೂ ಇರಬೇಕು. ಈ ಸೇವೆಗೆ ನಾನು ಕೊಡುವುದು ಐದಕ್ಕೆ ಎರಡು. ಯಂತ್ರಕ್ಕೆ ನಾಲ್ಕೂವರೆ.

ಸಬ್ಸಿಡಿ ಬಗ್ಗೆ ಕ್ರೆಡಲ್ (ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ) ಕಚೇರಿಯಲ್ಲಿ ವಿಚಾರಿಸಿ. ನಿಯಮ ಆಗಾಗ ಬದಲಾಗುತ್ತದೆ.

ಬಯಲುಸೀಮೆಯ ನೆಂಟರೊಬ್ಬರು "ನಮ್ಮ ಹೊಳೆಗೆ ಎತ್ತರವೇ ಇಲ್ಲ" ಅಂದರು. ಎತ್ತರ ಕಡಿಮೆ ಇದ್ದು ನೀರು ಜಾಸ್ತಿ ಇದ್ದರೆ ಬೇರೆ ಜಾತಿಯ ಯಂತ್ರ ಇದೆ. ಇಂಗ್ಲೆಂಡಿನ ನ್ಯೂ ಮಿಲ್ಸ್ ಅನ್ನುವ ಊರಿನವರು ಷೇರು ಹಾಕಿ 2008ರಲ್ಲಿ ಗಾಯ್ಟ್ ನದಿಗೆ ದೊಡ್ಡ ಸ್ಕ್ರೂ ಟರ್ಬೈನ್ (ತಿರುಪಿನ ಆಕಾರದ್ದು) ಕೂರಿಸಿದ್ದಾರೆ. 63 ಕಿಲೋವಾಟಿನದು. ಅಷ್ಟು ದೂರ ಯಾಕೆ, ಕೇರಳದ ಇಡುಕ್ಕಿ ಜಿಲ್ಲೆಯ ಮಾಂಕುಳಂನಲ್ಲಿ ಪಂಚಾಯಿತಿಯೇ 110 ಕಿಲೋವಾಟಿನ ಘಟಕ ಮಾಡಿತು. ಜೋಗದ ಹತ್ತಿರದ ಶರಾವತಿ ಘಟಕ 1,035 ಮೆಗಾವಾಟಿನದು. ಆ ನದಿಯ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟ ಎಷ್ಟೋ ಜನ ಆಮೇಲೂ ಚಿಮಣಿ ದೀಪದಲ್ಲೇ ಇದ್ದರು. ನಮ್ಮ ಹಳ್ಳದ 3 ಕಿಲೋವಾಟ್ ಮೊದಲು ನಮ್ಮ ಅಡುಗೆಮನೆಗೇ ಬರುತ್ತದೆ. ನನಗೆ ಅದು ದೊಡ್ಡ ಮಾತು.

ವರ್ಷಕ್ಕೆ ಆರು ತಿಂಗಳಾದರೂ ಹರಿಯುವ ಹಳ್ಳ, 20 ಮೀಟರಿಗಿಂತ ಜಾಸ್ತಿ ಇಳಿಜಾರು, ದಿನಾ ಜಾಲರಿ ನೋಡುವ ಜನ ಇದ್ದರೆ ಧೈರ್ಯವಾಗಿ ಹಾಕಿಸಿ. ಎರಡು ಮೂರು ತಿಂಗಳಷ್ಟೇ ನೀರು ಇರುವವರಿಗೆ ಪೈಪಿನ ಖರ್ಚು ಹುಟ್ಟುವುದು ಕಷ್ಟ. ಕೊಳ್ಳುವಾಗಲೇ ಒಂದು ಬಿಡಿ ಬೋರ್ಡು, ಒಂದು ದಪ್ಪ ಕಾಯಿಲ್, ಒಂದು ಜೊತೆ ಬೇರಿಂಗು ಬಿಲ್ಲಿಗೆ ಸೇರಿಸಿ. ಮೃಗಶಿರ ಮಳೆಗೆ ಮೊದಲು ಅವು ಮನೆಯಲ್ಲಿರಲಿ.