ಕಾರ್ಬೊರೇಟರ್ ಮುಟ್ಟುವ ಮೊದಲು ಡಿಸ್ಟ್ರಿಬ್ಯೂಟರ್ ಬಿಚ್ಚುವ ಗ್ಯಾರೇಜು

ಮೂಡಿಗೆರೆ ಕಡೆ ಇನ್ನೂ ಪೆಟ್ರೋಲ್ ಜೀಪು ಇಟ್ಟುಕೊಂಡಿರುವವರು ಓದಿ. ಬೋರ್ಡೇ ಇಲ್ಲದ ಈ ತಗಡಿನ ಶೆಡ್ಡಿಗೆ ನಾನು ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ನಮ್ಮದು ಹರಿಕೇನ್ ಎಂಜಿನ್ನಿನ ಮಹೀಂದ್ರ ಸಿಜೆ 3ಬಿ. ಹಿಂದಿನ ಸೀಟು ಕಿತ್ತು ಪಿಕಪ್ ಮಾಡಿಕೊಂಡಿದ್ದೇವೆ. ಗೊಬ್ಬರ, ಕಾಫಿ ಮೂಟೆ, ಒಮ್ಮೊಮ್ಮೆ ಕರು, ಎಲ್ಲ ಅದರಲ್ಲೇ. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಲೋಡ್ ಹೊತ್ತು ಏರು ಹತ್ತುವಾಗ ಮಿಸ್ಸಿಂಗ್, ಸೈಲೆನ್ಸರಿನಲ್ಲಿ ಪಟಪಟ, ಆಮೇಲೆ ಗಪ್‌ಚುಪ್. ಬಾನೆಟ್ ಎತ್ತಿಟ್ಟು ಕಾದರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್. ಬೇರೆ ಕಡೆ ತೋರಿಸಿದಾಗ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಹೋಗಿದೆ ಅಂತ ಹೊಸದು ಕೂರಿಸಿಕೊಟ್ಟರು. ಪೆಟ್ರೋಲ್ ಕುಡಿಯುವುದು ಜಾಸ್ತಿಯಾಯಿತು, ಪ್ಲಗ್ಗಿಗೆ ಮಸಿ ಹಿಡಿಯಿತು, ಏರಿನಲ್ಲಿ ನಿಲ್ಲುವುದು ಮಾತ್ರ ನಿಲ್ಲಲಿಲ್ಲ.

ಇಲ್ಲಿಯ ಮೇಸ್ತ್ರಿ ಕಾರ್ಬೊರೇಟರಿನ ಕಡೆ ತಿರುಗಿಯೂ ನೋಡಲಿಲ್ಲ. ಶೆಡ್ಡಿನ ಎದುರಿನ ಏರಿನಲ್ಲೇ ಓಡಿಸಿ, ಕೆಟ್ಟು ನಿಲ್ಲುವವರೆಗೂ ಬಿಸಿ ಮಾಡಿಸಿದರು. ನಿಂತ ಕೂಡಲೇ ಕಾಯಿಲಿನ (ಬ್ಯಾಟರಿ ಕರೆಂಟನ್ನು ಕಿಡಿ ಹಾರುವಷ್ಟು ಜೋರು ಮಾಡುವ ಭಾಗ) ನಡುವಿನ ವಯರನ್ನು ಎಂಜಿನ್ ಬ್ಲಾಕಿನ ಹತ್ತಿರ ಹಿಡಿದು ನನಗೆ ಸೆಲ್ಫ್ ಹೊಡೆಯಲು ಹೇಳಿದರು. ಹಳದಿ ಬಣ್ಣದ, ಜೀವವಿಲ್ಲದ ಕಿಡಿ. 'ಪೆಟ್ರೋಲ್ ಬಂದು ಏನ್ ಮಾಡ್ತದೆ, ಹೊತ್ತಿಸೋರೇ ಇಲ್ಲ' ಅಂದವರು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ತೆರೆದು, ಒಳಗಿನ ಪಾಯಿಂಟು (ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು) ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಒಂದು ಮುಖದಲ್ಲಿ ಸಾಸಿವೆಗಿಂತ ಸಣ್ಣ ಗುಬುಟು, ಎದುರಿನದರಲ್ಲಿ ಅದಕ್ಕೆ ತಕ್ಕ ಗುಳಿ, ಸುತ್ತ ನೀಲಿಗಟ್ಟಿದ ಕಲೆ. ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟರೆ ಪಾಯಿಂಟು ತೆರೆಯುವ ಹೊತ್ತಿಗೆ ಅಲ್ಲೇ ಕಿಡಿ ಹಾರಿ ಲೋಹ ಅತ್ತಿಂದಿತ್ತ ಅಂಟುತ್ತದೆ, ಕಾಯಿಲಿನಿಂದ ಪ್ಲಗ್ಗಿಗೆ ಹೋಗಬೇಕಾದ ಹೊಡೆತ ಹೋಗುವುದಿಲ್ಲ. ತಣ್ಣಗಿದ್ದಾಗ ಹೇಗೋ ಸುಧಾರಿಸುವ ಕಂಡೆನ್ಸರ್ ಬಿಸಿಗೆ ಕೈ ಕೊಡುತ್ತದೆ.

ಡಬ್ಬಿಯಿಂದ ತೆಗೆದ ಹೊಸ ಕಂಡೆನ್ಸರನ್ನೂ ಅವರು ನಂಬುವವರಲ್ಲ. ಮೊದಲನೆಯದನ್ನು ಹಾಕಿ ನೋಡಿ, ಮುಖ ಸಿಂಡರಿಸಿ ಮೂಲೆಗೆಸೆದು, ಇನ್ನೊಂದನ್ನು ಹಾಕಿದರು. ಈಗ ನೀಲಿ ಕಿಡಿ, ಚಟ್ ಅಂತ ಸದ್ದು. ಪಾಯಿಂಟಿನ ಗ್ಯಾಪ್ 20 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಪ್ಲಗ್ಗಿಗೆ 30. ಸಿಲಿಂಡರುಗಳು ಹೊತ್ತುವ ಸರದಿಯನ್ನು ಒಂದು-ಮೂರು-ನಾಲ್ಕು-ಎರಡು ಅಂತ ಗುನುಗುತ್ತಲೇ ಪ್ಲಗ್ಗಿನ ವಯರು ಸಿಕ್ಕಿಸಿದರು. ಕಿಡಿ ಹಾರುವ ಗಳಿಗೆ ಹೊಂದಿಸಲು ಟೈಮಿಂಗ್ ಲೈಟ್ ಗೀಟ್ ಏನೂ ಇಲ್ಲ. ಬಲ್ಬಿಗೆ ಎರಡು ವಯರು ಬೆಸೆದದ್ದೇ ಉಪಕರಣ. ಪಾಯಿಂಟು ತೆರೆದು ಬಲ್ಬ್ ಹೊತ್ತಿದ ಜಾಗದಲ್ಲಿ ಡಿಸ್ಟ್ರಿಬ್ಯೂಟರ್ ಬಿಗಿ.

ಕಾರ್ಬೊರೇಟರಿನ ಸರದಿ ಬಂದದ್ದು ಆಮೇಲೆ. ಮನೆಯಲ್ಲಿ ಬಿದ್ದಿದ್ದ ಹಳೆಯದನ್ನೇ ತರಿಸಿ, ಪೆಟ್ರೋಲ್ ಹಾಯುವ ಜೆಟ್ಟಿಗೆ ಗಾಳಿ ಹೊಡೆದು (ತಂತಿ ಚುಚ್ಚಿ ತೂತು ದೊಡ್ಡದು ಮಾಡುವವರನ್ನು ಕಂಡರೆ ಅವರಿಗಾಗದು), ಫ್ಲೋಟಿನ ನೀಡಲ್, ಪಂಪಿನ ಡಯಾಫ್ರಮ್ ಬದಲಾಯಿಸಿದರು. ಹಳೇ ಡಯಾಫ್ರಮ್ ಒಣಗಿದ ಬಾಳೆಲೆಯ ಹಾಗೆ ಮುರಿಯುತ್ತಿತ್ತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್. ಆ ಕಾಲದ ರಬ್ಬರು ಅದಕ್ಕೆ ಮಾಡಿದ್ದಲ್ಲ. ಜೊತೆಗೆ ಎಥೆನಾಲ್ ನೀರು ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವವರು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಖಾಲಿ ಮಾಡಿಡಬೇಕು ಅನ್ನುತ್ತಾರೆ ಮೇಸ್ತ್ರಿ.

ಸಾಮಾನು ಸೇರಿ 2,400 ರೂಪಾಯಿ. ಹೊಸ ಕಾರ್ಬೊರೇಟರಿಗೆ ಸುರಿದಿದ್ದರ ಅರ್ಧವೂ ಆಗಲಿಲ್ಲ. ಈಗ ಮೂಟೆ ಹೇರಿಕೊಂಡು ಸೆಕೆಂಡ್ ಗೇರಿನಲ್ಲೇ ಏರು ಹತ್ತುತ್ತದೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣ ಇದೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದಿದೆ, ಕೈಯಲ್ಲಿ ಅಲ್ಲಾಡಿಸಿದರೇ ಗ್ಯಾಪ್ ಬದಲಾಗುತ್ತದೆ. ಹಾಸನದಲ್ಲಿ ಲೇತಿಗೆ ಕೊಟ್ಟು ಮಾಡಿಸುತ್ತೇನೆ ಅಂದವರು ಇನ್ನೂ ನಾಳೆ-ನಾಡಿದ್ದು ಅನ್ನುತ್ತಲೇ ಇದ್ದಾರೆ. ಐಡಲಿನಲ್ಲಿ ಸಣ್ಣ ನಡುಕ ಹಾಗೇ ಉಳಿದಿದೆ. ಬಿಲ್ಲು ಕೇಳಿದರೆ ಕ್ಯಾಲೆಂಡರ್ ಹಾಳೆ ಹರಿದು ಬರೆದುಕೊಡುತ್ತಾರೆ. ಫೋನಂತೂ ಎತ್ತುವುದಿಲ್ಲ. ಕಾಫಿ ಕುಯ್ಲಿನ ಹೊತ್ತಿಗೆ ಎಸ್ಟೇಟ್ ಗಾಡಿಗಳೇ ತುಂಬಿರುತ್ತವೆ, ಆಗ ಹೋಗಬೇಡಿ. ಬಾಕಿ ದಿನ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಬಿಚ್ಚಿಟ್ಟ ಹಳೇ ಸಾಮಾನೆಲ್ಲ ಜೊತೆಗೇ ಒಯ್ಯಿರಿ, ಮುಗಿಯುವವರೆಗೂ ಪಕ್ಕದಲ್ಲೇ ನಿಂತಿರಿ.